ಹಿಂದಿನ ಚಕ್ರ ರೈತ, ಮುಂದಿನ ಚಕ್ರ ಸಾಹುಕಾರ

ಟ್ರ್ಯಾಕ್ಟರಿಗೆ ನಾಲ್ಕು ಚಕ್ರ ಇರುವುದು ಹುಟ್ಟಿದ ಕೂಸಿಗೂ ಗೊತ್ತು. ಆದರೆ ಆ ನಾಲ್ಕರಲ್ಲಿ ಎರಡು ಮಾತ್ರ ಹೊಲದಲ್ಲಿ ದುಡಿಯುತ್ತವೆ, ಉಳಿದೆರಡು ಬರೀ ಶೋಕಿಗೆ ಬಂದಿವೆ ಎಂಬ ಗುಟ್ಟು ಗೊತ್ತಿದ್ದದ್ದು ತೆರಿಗೆಯ ಪಟ್ಟಿ ಬರೆದವರಿಗೆ ಮಾತ್ರ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಟ್ರ್ಯಾಕ್ಟರಿಗೆ ಶೇ 12, ಅದರ ಹಿಂದಿನ ಟೈರಿಗೆ ಶೇ 18, ಮುಂದಿನ ಟೈರಿಗೆ ಶೇ 28 ಎಂದು ಗೊತ್ತುಮಾಡಿದರು. ಪಟ್ಟಿಯಲ್ಲಿ ‘ಟ್ರ್ಯಾಕ್ಟರಿನ ಹಿಂದಿನ ಟೈರು’ ಎಂದು ಬಿಡಿಸಿ ಬರೆದಿತ್ತು. ಮುಂದಿನದರ ಹೆಸರನ್ನು ಯಾರೂ ಎತ್ತಲಿಲ್ಲ. ಹೆಸರೆತ್ತದ ಟೈರುಗಳೆಲ್ಲ ತಾವಾಗಿಯೇ ಶೇ 28ರ ಪಂಕ್ತಿಗೆ ಹೋಗಿ ಕೂತವು. ಆ ಪಂಕ್ತಿಯಲ್ಲಿ ಆಗ ಇದ್ದವರಾದರೂ ಯಾರು? ಪಾನ್ ಮಸಾಲಾ, ಸಿಗರೇಟು, ಏಸಿ, ದೊಡ್ಡ ಕಾರು. ಹಿಂದಿನ ಟೈರು ಸೋಪು ಟೂತ್‌ಪೇಸ್ಟುಗಳ ಜೊತೆ ಸಭ್ಯವಾಗಿ ಉಣ್ಣುತ್ತಿತ್ತು. ಒಂದೇ ಮನೆಯವರಿಗೆ ಮೂರು ಪಂಕ್ತಿ ಹಾಕಿಸಿದ ಮದುವೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಇದಕ್ಕೆ ಅವರ ಕಡೆಯಿಂದಲೂ ಒಂದು ನ್ಯಾಯ ಇದ್ದೀತು ಎಂದು ನನ್ನ ಊಹೆ. ಹಳೆಯ ಟ್ರ್ಯಾಕ್ಟರುಗಳ ಮುಂದಿನ ಟೈರಿನ ಅಳತೆ ಸಾಮಾನ್ಯವಾಗಿ 6.00-16. ಅದೇ ಅಳತೆ ಹಳೇ ಜೀಪಿಗೂ ಕೂರುತ್ತದೆ. ರೈತ ಕಡಿಮೆ ತೆರಿಗೆಯಲ್ಲಿ ಮುಂದಿನ ಟೈರು ಕೊಂಡು, ರಾತ್ರೋರಾತ್ರಿ ಅದನ್ನು ಜೀಪಿಗೆ ಹಾಕಿ, ಮಹಾಬಳೇಶ್ವರಕ್ಕೆ ಹೋಗಿ ಸ್ಟ್ರಾಬೆರಿ ತಿಂದುಬಿಟ್ಟರೆ ದೇಶದ ಗತಿ? ಹಿಂದಿನ ಟೈರಿನ ಬಗ್ಗೆ ಈ ಭಯ ಇರಲಿಲ್ಲ. ಆಳೆತ್ತರದ ಆ ಚಕ್ರವನ್ನು ಯಾವ ಜೀಪಿಗೆ ಹಾಕುತ್ತೀರಿ? ಅದು ಸಾಲದೆಂದು ಅಧಿಕಾರಿಗಳು ಎಂಟು ವರ್ಷ ಕಾದು ನೋಡಿದರು. ಎರಡೇ ಚಕ್ರದ ಮೇಲೆ ಉಳುವ ರೈತ ಎಲ್ಲೂ ಸಿಗಲಿಲ್ಲವೋ ಏನೋ, 2025ರ ಸೆಪ್ಟೆಂಬರ್ 3ರಂದು ಕುಳಿತ ಜಿಎಸ್‌ಟಿ ಮಂಡಳಿಯ ಸಭೆ ಮನಸ್ಸು ಬದಲಿಸಿತು. ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ, ಟ್ರ್ಯಾಕ್ಟರಿಗೂ ಶೇ 5, ಅದರ ಟೈರು ಟ್ಯೂಬಿಗೂ ಶೇ 5. ನಾಲ್ಕು ಚಕ್ರ ಒಂದಾದವು. ಆ ಸಲದ ಆಯುಧಪೂಜೆಗೆ ಮುಂದಿನ ಟೈರಿಗೂ ಧೈರ್ಯವಾಗಿ ಕುಂಕುಮ ಹಚ್ಚಬಹುದಾಯಿತು.

ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು, ಅಂದೆ. ಆದರೆ ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವನು ಹೊಸ ಟೈರು ಕೊಳ್ಳುವ ಮುಂಚೆ ರಿಮೋಲ್ಡ್ ಟೈರು ಕೇಳುತ್ತಾನೆ. ಟೈರಿನ ಮೈ ಗಟ್ಟಿಯಿದ್ದು ಹಲ್ಲು ಮಾತ್ರ ಸವೆದಿದ್ದರೆ, ಹಳೇ ರಬ್ಬರ್ ಉಜ್ಜಿ ತೆಗೆದು, ಮೇಲೆ ಹೊಸ ರಬ್ಬರ್ ಹೊದಿಸಿ, ಅಚ್ಚಿನಲ್ಲಿ ಬೇಯಿಸಿ ಕೊಡುತ್ತಾರೆ. ಬಡವನಿಗೆ ಇದು ಎರಡನೇ ಜನ್ಮ. ಪರಿಸರದವರಿಗೂ ಪ್ರಿಯ, ಮರುಬಳಕೆ ಎಂದು ಭಾಷಣದಲ್ಲಿ ಹೊಗಳುವ ವಸ್ತು. ಇದರ ಮೇಲಿನ ತೆರಿಗೆಯನ್ನು 2018ರ ಡಿಸೆಂಬರಿನ ಸಭೆಯಲ್ಲಿ ಶೇ 28ರಿಂದ 18ಕ್ಕೆ ಇಳಿಸಿದ್ದರು, ಅದು ಅಲ್ಲೇ ಕೂತಿದೆ. ಅಂದರೆ ಹೊಸ ಟೈರಿನ ಸಾವಿರ ರೂಪಾಯಿಗೆ ಐವತ್ತು, ಹಳೇ ಟೈರಿನ ಸಾವಿರಕ್ಕೆ ನೂರಾ ಎಂಬತ್ತು. ಉಳ್ಳವನು ಹೊಸದು ಕೊಂಡರೆ ಬೆನ್ನು ಚಪ್ಪರಿಸುವುದು, ಇಲ್ಲದವನು ಹಳೆಯದಕ್ಕೆ ತೇಪೆ ಹಾಕಿಸಿದರೆ ದಂಡ ಹಾಕುವುದು. ಜುಗ್ಗತನವೂ ಒಂದು ದುಶ್ಚಟ ಎಂದು ಯಾರೋ ತೀರ್ಮಾನಿಸಿರಬೇಕು.

ನನಗೆ ಈ ಜ್ಞಾನೋದಯ ಆದದ್ದು ನಮ್ಮಣ್ಣನಿಂದ. ಅವನು ಇಂಡಿ ತಾಲ್ಲೂಕಿನ ಎರೆಹೊಲದಲ್ಲಿ ತೊಗರಿ, ಲಿಂಬೆ ಮಾಡಿಕೊಂಡಿದ್ದಾನೆ. ನಾನು ಪುಣೆ ಪಕ್ಕದ ಚಿಂಚವಡದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇನೆ. ಅವನ ಬಳಿ ಇರುವುದು ನಮ್ಮಪ್ಪ ತಂದ ಎಚ್‌ಎಂಟಿ 2511. ಅಪ್ಪನ ಕೈಯಲ್ಲೂ ಎಚ್‌ಎಂಟಿ ವಾಚು ಇತ್ತು, ಹೊಲದಲ್ಲೂ ಎಚ್‌ಎಂಟಿ. ಎರಡನ್ನೂ ಮುಚ್ಚುವ ತೀರ್ಮಾನವನ್ನು ಕೇಂದ್ರ ಸಂಪುಟ 2016ರ ಒಂದೇ ವರ್ಷದಲ್ಲಿ ತೆಗೆದುಕೊಂಡಿತು, ವಾಚಿನದು ಜನವರಿಯಲ್ಲಿ, ಟ್ರ್ಯಾಕ್ಟರಿನದು ಅಕ್ಟೋಬರಿನಲ್ಲಿ. ಈಗ ಆ ವಾಚಿಗೆ ‘ವಿಂಟೇಜ್’ ಎಂಬ ಬಿರುದು ಬಂದು ಪುಣೆಯ ಹುಡುಗರು ಮುಗಿಬಿದ್ದು ಕೊಳ್ಳುತ್ತಾರೆ. ಟ್ರ್ಯಾಕ್ಟರಿಗೆ ‘ಮುದಿಗಾಡಿ’ ಎಂಬ ಬಿರುದು ಮೊದಲಿನಿಂದಲೂ ಇದೆ.

“ತಮ್ಮಾ, ಪುಣೆದಾಗ ಆನಿ ಬೇಕಂದ್ರ ಆನಿ ಸಿಗ್ತದ ಅಂತಾರ. ಹಿಂದಿನ್ವು ಎರಡ ಟೈರ್ ನೋಡಪಾ. ಮಳಿ ಬಿದ್ದ ಮ್ಯಾಲ ಗಾಡಿ ಒಂದ ಹೆಜ್ಜಿ ಮುಂದ ಹೋಗವಲ್ದು, ನಿಂತಲ್ಲೇ ತಿರಗ್ತದ” ಎಂದ. ಅವನು ಕಳಿಸಿದ ಫೋಟೊ ನೋಡಿದೆ. ಎರೆಮಣ್ಣಿಗೆ ಕಚ್ಚಬೇಕಾದ ಹಲ್ಲುಗಳು ನಡುವೆ ಪೂರಾ ಸವೆದು ಅಂಚಿನಲ್ಲಷ್ಟೇ ಗುರುತು ಉಳಿದಿದೆ. ಒಂದು ಕಡೆ ಟೈರು ಸೀಳಿ, ಒಳಗೆ ತೇಪೆಯಾಗಿ ಹಾಕಿದ ಹಳೇ ಟೈರಿನ ತುಂಡು, ಅಂದರೆ ಗೇಟರ್, ಹೊರಗೆ ಇಣುಕುತ್ತಿದೆ. ಅದನ್ನು ಹಿಡಿದಿಡಲು ಎರಡು ಬೋಲ್ಟು. ಹಿಡಿತ ಬರಲೆಂದು ಟ್ಯೂಬಿಗೆ ಮುಕ್ಕಾಲು ನೀರು ಬೇರೆ ತುಂಬಿಸಿದ್ದಾನೆ, ಆ ನೀರು ಬೋಲ್ಟಿನ ಬಳಿ ಜಿನುಗಿ ಮಣ್ಣಿನ ಗೀಟು ಎಳೆದಿದೆ.

ನಾನಾ ಪೇಠೆಗೆ ಹೋದೆ. ಪುಣೆಯಲ್ಲಿ ಗಾಡಿಯ ಬಿಡಿಭಾಗ ಎಂದರೆ ನಾನಾ ಪೇಠೆ; ಅಲ್ಲಿ ಸಿಗದಿದ್ದರೆ ಬುಧವಾರ, ಭಾನುವಾರದ ಜೂನಾ ಬಜಾರ್. ದೊಡ್ಡ ಅಂಗಡಿಯೊಂದರ ಕೌಂಟರಿನ ಹುಡುಗ ಕಂಪ್ಯೂಟರಿನ ಮುಂದೆ ಕೂತಿದ್ದ. ಅಣ್ಣ ಹಳೇ ರೂಢಿಯಲ್ಲಿ ಹೇಳಿದ ಅಳತೆಯನ್ನೇ ಒಪ್ಪಿಸಿದೆ: 11-28. ಹುಡುಗ ಒತ್ತಿದ. “ಇಂಥ ಟೈರು ಜಗತ್ತಿನಲ್ಲಿ ಇಲ್ಲ ಸಾರ್” ಎಂದ. ಜಗತ್ತು ಎಂದರೆ ಅವನ ಸ್ಕ್ರೀನು. ಒಳಗಿನಿಂದ ಟೈರು ಉರುಳಿಸಿಕೊಂಡು ಬಂದ ಮುದುಕ ಹಮಾಲ ನಿಂತು, “12.4 ಒತ್ತೋ” ಎಂದು ಮರಾಠಿಯಲ್ಲಿ ಗದರಿದ. ಹಿಂದೆ ಹನ್ನೊಂದು ಇಂಚು ಎನ್ನುತ್ತಿದ್ದ ಟೈರನ್ನೇ ಈಗ 12.4 ಇಂಚು ಎನ್ನುತ್ತಾರೆ, ಒಂದಷ್ಟು ಟೈರುಗಳ ಪಕ್ಕದಲ್ಲಿ 12.4/11-28 ಎಂದು ಎರಡೂ ಹೆಸರು ಅಚ್ಚಾಗಿರುತ್ತದೆ. ರಿಮ್ಮು ಮಾತ್ರ ಅದೇ 28. ಹುಡುಗ ಮತ್ತೆ ಒತ್ತಿದ. ಜಗತ್ತಿನಲ್ಲಿ ಟೈರು ಹುಟ್ಟಿತು. ಸಂಬಳ ಯಾರಿಗೆ ಹೆಚ್ಚು ಎಂದು ನಾನು ಕೇಳಲಿಲ್ಲ.

ಬೆಲೆ ಕೇಳಿದೆ. ಟೀವಿಯಲ್ಲಿ ಇಳಿದಿತ್ತು, ಅಂಗಡಿಯಲ್ಲಿ ಇಳಿದಿರಲಿಲ್ಲ. “ಸ್ಟಾಕು ಹಳೇದು ಸಾರ್, ಹೊಸ ರೇಟು ಹೊಸ ಸ್ಟಾಕಿಗೆ.” ಹೊಸ ಸ್ಟಾಕು ಯಾವಾಗ? “ಹಳೇದು ಖಾಲಿ ಆದ ಮೇಲೆ.” ಹಳೇದು ಯಾವಾಗ ಖಾಲಿ ಆಗುತ್ತದೆ? “ನೀವು ತಗೊಂಡ ಮೇಲೆ.” ತರ್ಕಶಾಸ್ತ್ರದ ಮೇಷ್ಟ್ರು ಎದ್ದು ನಿಂತು ನಮಸ್ಕಾರ ಮಾಡಬೇಕಾದ ಉತ್ತರ. ನನ್ನ ಮುಖ ನೋಡಿ ಶೇಠರಿಗೆ ಕನಿಕರ ಬಂತು. “ಇಷ್ಟು ಹಳೇ ಗಾಡಿಗೆ ಯಾಕೆ ದುಡ್ಡು ಸುರಿಯುತ್ತೀರಿ? ಹೊಸ ಟ್ರ್ಯಾಕ್ಟರೇ ತಗೊಳ್ಳಿ. ನಾಲ್ಕೂ ಟೈರು ಹೊಸವೇ ಬರುತ್ತವೆ” ಎಂದು ಪಕ್ಕದ ಗಲ್ಲಿಯ ಶೋರೂಮಿನ ಕಾರ್ಡು ಕೊಟ್ಟರು. ಚಪ್ಪಲಿಯ ಉಂಗುಷ್ಟ ಕಿತ್ತಿದೆ ಎಂದವನಿಗೆ ಹೊಸ ಕಾಲಿನ ಅಂಗಡಿ ತೋರಿಸಿದ್ದರು.

ಶೇಠರನ್ನೊಬ್ಬರನ್ನೇ ಅಂದು ಏನು ಮಾಡುವುದು? ಸರ್ಕಾರದ ಮನಸ್ಸೂ ಹೊಸದರ ಮೇಲೆಯೇ. ಮೋಶಿ ಕಡೆ ಒಂದು ಕೃಷಿ ಪ್ರದರ್ಶನಕ್ಕೆ ಹೋಗಿದ್ದೆ. ಜನ ಕತ್ತೆತ್ತಿ ನಿಂತಿದ್ದರು, ಮೇಲೆ ಡ್ರೋನು ಹಾರುತ್ತಿತ್ತು. ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘ ಡ್ರೋನು ಕೊಂಡರೆ ಬೆಲೆಯ ಶೇ 80ರಷ್ಟು, ಎಂಟು ಲಕ್ಷದ ತನಕ ಸಹಾಯಧನ. ಅಕ್ಕತಂಗಿಯರು ಹಾರಿಸಲಿ, ನನಗೆ ಹೊಟ್ಟೆಕಿಚ್ಚಿಲ್ಲ. ನನಗೆ ಕಂಡದ್ದು ಇಷ್ಟೇ: ನೆಲ ಮುಟ್ಟದ ಯಂತ್ರ ಎಂದರೆ ಎಲ್ಲರ ಕತ್ತೂ ಮೇಲೆ, ನೆಲ ಮುಟ್ಟುವ ಟೈರು ಎಂದರೆ ಎಲ್ಲರ ಕಣ್ಣೂ ಬೇರೆ ಕಡೆ. ಟೈರಿನ ಮಳಿಗೆ ಎಲ್ಲಿದೆ ಎಂದು ಸ್ವಯಂಸೇವಕನೊಬ್ಬನನ್ನು ಕೇಳಿದೆ. ಪಾರ್ಕಿಂಗಿನ ದಾರಿ ತೋರಿಸಿದ.

ಹಾಗಂತ ಟ್ರ್ಯಾಕ್ಟರ್ ಟೈರಿಗೆ ನಮ್ಮ ನಾಡಿನಲ್ಲಿ ಬರ ಬಂದಿಲ್ಲ. ಮುಂಬೈಯಲ್ಲೇ ಮುಖ್ಯ ಕಚೇರಿ ಇರುವ ಬಾಲಕೃಷ್ಣ ಇಂಡಸ್ಟ್ರೀಸ್, ಅಂದರೆ ಬಿಕೆಟಿ, ಹೊಲದ ಟೈರುಗಳನ್ನು ಯುರೋಪು, ಅಮೆರಿಕಕ್ಕೆಲ್ಲ ಕಳಿಸುವ ದೊಡ್ಡ ಹೆಸರು. ಎಷ್ಟು ದೊಡ್ಡದೆಂದರೆ 2018ರಿಂದ ಇಟಲಿಯ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿಗೆ ‘ಸೆರಿಯೆ ಬಿಕೆಟಿ’ ಎಂದೇ ಹೆಸರು. ಅಣ್ಣನಿಗೆ ಇದನ್ನು ಅಭಿಮಾನದಿಂದ ಹೇಳಿದೆ. “ಇಟಲಿ ಮಂದಿ ಚೆಂಡಿಗೂ ನಮ್ಮ ಟೈರ್ ಹಾಕ್ಯಾರೇನು?” ಎಂದು ಕೇಳಿದ. ಅವನ ಎರೆಹೊಲದಲ್ಲಿ ಚೆಂಡು ಒದ್ದರೂ ಉರುಳುವುದಿಲ್ಲ, ಅಲ್ಲೇ ಹೂತುಕೊಳ್ಳುತ್ತದೆ.

ಇನ್ನು ಹಳೇ ಟೈರು. ಕಣ್ಣು ತೆರೆದರೆ ಎಲ್ಲೆಲ್ಲೂ ಅವೇ. ಸಸೂನ್ ಡಾಕಿನಲ್ಲಿ ಮೀನಿನ ದೋಣಿಗಳ ಪಕ್ಕೆಗೆ ಟೈರು ಕಟ್ಟಿರುತ್ತಾರೆ, ಮುಂಬೈಯ ಜೋಪಡಿಗಳ ತಗಡು ಗಾಳಿಗೆ ಹಾರದಂತೆ ಟೈರು ಹೇರಿರುತ್ತಾರೆ. ಇವರ ಬಗ್ಗೆ ನನ್ನ ತಕರಾರಿಲ್ಲ, ಅವರ ಹೊಟ್ಟೆಪಾಡು ಅವರದು. ನನ್ನ ಜಗಳ ಅಲಂಕಾರದವರ ಜೊತೆ. ಗೋವಾದ ಸಮುದ್ರದಂಡೆಯ ಶ್ಯಾಕುಗಳಲ್ಲಿ ಟ್ರ್ಯಾಕ್ಟರ್ ಟೈರಿಗೆ ಹಗ್ಗ ಸುತ್ತಿ, ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿದ್ದಾರೆ. ಅದರ ಮೇಲೆ ಬಿಯರು ತಂದಿಡುವ ಹುಡುಗ ವಾಸ್ಕೋದ ಬೈನಾದಲ್ಲಿ ಬೆಳೆದ ನಮ್ಮ ಬಾಗಲಕೋಟೆ ಕಡೆಯವನು. ಅವನಪ್ಪನೂ ಒಂದು ಕಾಲಕ್ಕೆ ಟ್ರ್ಯಾಕ್ಟರ್ ಹೊಡೆದವನೇ. ಪುಣೆಯ ಕೆಫೆಗಳಲ್ಲಿ ಅದಕ್ಕೆ ಹಳದಿ ಬಣ್ಣ ಬಳಿದು, ಒಳಗೆ ಮಣ್ಣು ತುಂಬಿ ತುಳಸಿ ನೆಟ್ಟಿರುತ್ತಾರೆ. ಟೈರು ಮಣ್ಣಿನ ಮೇಲೆ ಓಡುವ ಕಾಲ ಹೋಗಿ, ಮಣ್ಣೇ ಟೈರಿನೊಳಗೆ ಕೂತಿದೆ.

ಎಲ್ಲಕ್ಕಿಂತ ಜೋರು ಜಿಮ್ಮು. ಹಿಂಜವಡಿಯಲ್ಲಿ ನಮ್ಮ ಅಳಿಯ ಹೋಗುವ ಜಿಮ್ಮಿನೊಳಗೆ ಒಮ್ಮೆ ಕಾಲಿಟ್ಟೆ. ಹಸಿರು ಪ್ಲಾಸ್ಟಿಕ್ ಹುಲ್ಲಿನ ಮೇಲೆ ಟ್ರ್ಯಾಕ್ಟರಿನ ಹಿಂದಿನ ಟೈರು ಅಂಗಾತ ಮಲಗಿತ್ತು. ಸಾಫ್ಟ್‌ವೇರ್ ಹುಡುಗನೊಬ್ಬ ಅದರ ಕೆಳಗೆ ಬೆರಳು ತೂರಿಸಿ, ಕೆಂಪಾಗಿ, ಎತ್ತಿ ಆಚೆ ಮಗುಚಿದ. ಆಮೇಲೆ ಈಚೆ ಬಂದು ಮತ್ತೆ ಮಗುಚಿದ. ಟೈರು ಇದ್ದಲ್ಲಿಗೇ ಬಂತು. ಟ್ರೇನರು ಚಪ್ಪಾಳೆ ತಟ್ಟಿದ. ಇನ್ನೊಬ್ಬ ಎರಡೂ ಕೈಯಲ್ಲಿ ಕಬ್ಬಿಣದ ಭಾರ ಹಿಡಿದು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. ಅದಕ್ಕೆ ‘ಫಾರ್ಮರ್ಸ್ ವಾಕ್’ ಎನ್ನುತ್ತಾರಂತೆ. ಎರಡು ಕೊಡ ನೀರು ಹೊತ್ತು ಅರ್ಧ ಮೈಲಿ ನಡೆಯುವ ನಮ್ಮತ್ತಿಗೆಗೆ ಯಾರೂ ಇದಕ್ಕೊಂದು ಹೆಸರಿದೆ ಎಂದು ಹೇಳಿಲ್ಲ.

ನಾನು ಬಗ್ಗಿ ಟೈರಿನ ಪಕ್ಕ ಓದಿದೆ. 12.4-28. ಹಲ್ಲಿನ ನಡುವೆ ಹೆಬ್ಬೆರಳು ಇಟ್ಟರೆ ಉಗುರು ಮುಳುಗುತ್ತಿತ್ತು. ನೆಲ ಒರೆಸುತ್ತಿದ್ದ ಹುಡುಗ ನನ್ನನ್ನೇ ನೋಡುತ್ತಿದ್ದ. ಮಾತಿಗೆ ಸಿಕ್ಕಾಗ ಅಫಜಲಪುರದವನೆಂದು ತಿಳಿಯಿತು. “ದಿನಾ ಇದಕ್ಕ ಎಣ್ಣಿ ಹಚ್ಚಿ ಒರಸ್ತೀನ್ರಿ ಅಣ್ಣಾರ, ಕರ್ರಗ ಮಿಂಚಬೇಕಂತ. ಊರಾಗಿದ್ರ ಇದು ಇನ್ನೂ ಎರಡ ಹಂಗಾಮ ಹೊಲ ಹೊಡೀತಿತ್ತ ನೋಡ್ರಿ” ಎಂದು ಮೆಲ್ಲಗೆ ಹೇಳಿದ.

ಮ್ಯಾನೇಜರಿಗೆ ಈ ಟೈರು ಮಾರುತ್ತೀರಾ ಎಂದು ಕೇಳಿದೆ. ಅವನು ನಕ್ಕು ದರಪಟ್ಟಿ ಮುಂದಿಟ್ಟ. ಟೈರಿನದಲ್ಲ, ಮೆಂಬರ್‌ಶಿಪ್ಪಿನದು. ಕೆಳಗೆ ದಪ್ಪ ಅಕ್ಷರದಲ್ಲಿ: ‘ಜಿಎಸ್‌ಟಿ ಈಗ ಶೇ 5 ಮಾತ್ರ!’ ನಿಜವೇ. ಅದೇ ಸೆಪ್ಟೆಂಬರ್ 22ರಂದು ಜಿಮ್ಮು, ಸಲೂನು, ಯೋಗ ತರಗತಿಗಳ ತೆರಿಗೆಯನ್ನೂ ಶೇ 18ರಿಂದ 5ಕ್ಕೆ ಇಳಿಸಿದ್ದಾರೆ. ಅಂದಮೇಲೆ ಹಳೇ ಟೈರನ್ನು ಏಸಿಯಲ್ಲಿ ಸುಮ್ಮನೆ ಮಗುಚಿದರೆ ಶೇ 5, ಅದಕ್ಕೇ ರಬ್ಬರ್ ಹೊದಿಸಿ ಹೊಲಕ್ಕೆ ಇಳಿಸಿದರೆ ಶೇ 18.

ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ತುಸು ಹೊತ್ತು ಲೆಕ್ಕ ಹಾಕಿದ.

“ಹಂಗಿದ್ರ ನಮ್ಮ ಎಚ್‌ಎಂಟಿನೇ ಮೆಂಬರ್ ಮಾಡಿಬಿಡು. ದಿನಾ ಎಣ್ಣಿನೂ ಹಚ್ತಾರ, ನೆಳ್ಳಿಗೂ ನಿಂದರ್ತದ. ಫಾರ್ಮಿನ್ಯಾಗ ಏನೇನ್ ಕೇಳ್ಯಾರ?”

ಫಾರ್ಮು ನೋಡಿ ಓದಿದೆ. ಹೆಸರು, ತೂಕ, ಎತ್ತರ, ಹಳೇ ಪೆಟ್ಟುಗಳ ವಿವರ. ನಲವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟು ತರತಕ್ಕದ್ದು.

“ಅಪ್ಪ ತಂದಿದ್ದು ಎಂಬತ್ಮೂರರಾಗ” ಎಂದ ಅಣ್ಣ. “ಸರ್ಟಿಫಿಕೇಟ್ ಬೇಕಂದ್ರ ಇಂಡಿ ಮೆಕ್ಯಾನಿಕ್ ಬರಕೊಡ್ತಾನ. ಹಳೇ ಪೆಟ್ಟು ಅಂದಲ್ಲಿ ಬೋಲ್ಟ್ ಎರಡು ಅಂತ ಹಾಕು.”