ಕಾರ್-ಟಿ ಚಿಕಿತ್ಸೆ: ಬೇಗ ಕೊಡಬೇಕಾ, ಕೊನೆಗೆ ಉಳಿಸಬೇಕಾ?

ಪರ: ಕಾಯುತ್ತಾ ಕೂತರೆ ಕೋಶವೂ ಸೋಲುತ್ತದೆ

ಕಾರ್-ಟಿ ಅನ್ನುವುದು ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ಚಿಕಿತ್ಸೆ. ಅಂಗಡಿಯಲ್ಲಿ ಸಿಗುವ ಮದ್ದಲ್ಲ, ರೋಗಿಯ ರಕ್ತದಿಂದಲೇ ತಯಾರಾಗುವಂಥದ್ದು. ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಟಿ ಕೋಶಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು, ಬೇರೆ ಮಾಡುತ್ತಾರೆ. ಹಾನಿ ಮಾಡದ ಹಾಗೆ ತಿದ್ದಿದ ವೈರಸ್ಸಿನ ಮೂಲಕ ಅವುಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಆಮೇಲೆ ಮೈಮೇಲೆ ಸಿಡಿ19 ಎಂಬ ಗುರುತಿರುವ ಬಿ ಕೋಶ (ಸೋಂಕಿನ ವಿರುದ್ಧ ಹೋರಾಡುವ ಇನ್ನೊಂದು ಬಗೆಯ ಬಿಳಿ ರಕ್ತಕಣ) ಕಂಡರೆ ಸಾಕು, ಅವು ಬಿಡುವುದಿಲ್ಲ. ಲಿಂಫೋಮಾ, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ಗಳ ಎಷ್ಟೋ ಬಗೆಗಳಲ್ಲಿ ಕೆಟ್ಟಿರುವುದು ಈ ಬಿ ಕೋಶವೇ.

ಅಂದರೆ ಇಲ್ಲಿ ಕಚ್ಚಾಮಾಲು ರೋಗಿಯ ಟಿ ಕೋಶ. ಸುತ್ತಿನ ಮೇಲೆ ಸುತ್ತು ಕೀಮೋ ಕೊಟ್ಟು, ಆ ಕೋಶಗಳನ್ನೂ ಹಣ್ಣುಗಾಯಿ ಮಾಡಿ, ಕೊನೆಗೆ 'ಈಗ ಹೋಗಿ ಹೊಡೆದಾಡಿ' ಅಂದರೆ ಹೇಗೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ಜೂಮಾ-7 ಪ್ರಯೋಗದಲ್ಲಿ 359 ಮಂದಿ ಇದ್ದರು. ಎಲ್ಲರಿಗೂ ದೊಡ್ಡ ಬಿ ಕೋಶದ ಲಿಂಫೋಮಾ. ಮೊದಲ ಚಿಕಿತ್ಸೆ ಕೈಕೊಟ್ಟಿತ್ತು, ಇಲ್ಲವೇ ವರ್ಷದೊಳಗೆ ರೋಗ ಮರಳಿತ್ತು. ಅರ್ಧ ಜನಕ್ಕೆ ಹಳೆಯ ದಾರಿ: ಮತ್ತೆ ಕೀಮೋ, ಅದು ಕೆಲಸ ಮಾಡಿದರೆ ಸ್ಟೆಮ್ ಸೆಲ್ (ಹೊಸ ರಕ್ತ ಹುಟ್ಟಿಸುವ ಮೂಲಕೋಶ) ಕಸಿ. ಉಳಿದವರಿಗೆ ನೇರವಾಗಿ ಕಾರ್-ಟಿ. ನಾಲ್ಕು ವರ್ಷದ ಲೆಕ್ಕದಲ್ಲಿ ಬದುಕುಳಿದವರು ಹಳೆಯ ದಾರಿಯಲ್ಲಿ ಶೇ. 46, ಕಾರ್-ಟಿಯಲ್ಲಿ ಶೇ. 54.6. ಇನ್ನೊಂದು ವಿಷಯ ಗಮನಿಸಿ. ಹಳೆಯ ದಾರಿಯವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಮೇಲೆ ಇಂಥದ್ದೇ ಕೋಶ ಚಿಕಿತ್ಸೆ ಸಿಕ್ಕಿತ್ತು. ಆದರೂ ಹಿಂದೆ ಬಿದ್ದರು. 'ಆಮೇಲೆ ಕೊಟ್ಟರಾಯಿತು' ಅನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಅಡ್ಡಪರಿಣಾಮದ ಭಯ ನಿಜವೇ. 2012ರಲ್ಲಿ ಲ್ಯುಕೇಮಿಯಾ ಇದ್ದ ಆರು ವರ್ಷದ ಹುಡುಗಿ ಎಮಿಲಿ ವೈಟ್‌ಹೆಡ್‌ಗೆ ಈ ಕೋಶ ಕೊಟ್ಟಾಗ ಜ್ವರ ಏರಿ, ಉಸಿರಾಟಕ್ಕೆ ಯಂತ್ರ ಹಾಕಬೇಕಾಯಿತು. ರಕ್ತದಲ್ಲಿ ಐಎಲ್-6 ಎಂಬ ಪ್ರೋಟೀನ್ ಮಿತಿಮೀರಿತ್ತು. ಅದನ್ನು ತಡೆಯುವ ಟೊಸಿಲಿಝುಮ್ಯಾಬ್ ಎಂಬ ಕೀಲುವಾತದ ಔಷಧ ಸಂಶೋಧಕ ಕಾರ್ಲ್ ಜೂನ್ ಅವರಿಗೆ ಗೊತ್ತಿತ್ತು, ಯಾಕೆಂದರೆ ಅವರ ಮಗಳಿಗೂ ಕೀಲುವಾತವಿತ್ತು. ಕೊಟ್ಟರು, ಹುಡುಗಿ ಉಳಿದಳು. ಇವತ್ತು ಆ ಔಷಧ ಪಕ್ಕದಲ್ಲೇ ಸಿದ್ಧವಿರುತ್ತದೆ.

ವಿರೋಧ: ಬೇಗ ಅಂದರೆ ಎಷ್ಟು ಬೇಗ?

ಜೂಮಾ-7ರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದರ ಜತೆಜತೆಗೇ ಬಂದ ಬೆಲಿಂಡಾ ಪ್ರಯೋಗವನ್ನು ಯಾಕೋ ಯಾರೂ ಎತ್ತುವುದಿಲ್ಲ. ಅಲ್ಲೂ ಅದೇ ಬಗೆಯ ರೋಗಿಗಳು, 322 ಮಂದಿ. ಇನ್ನೊಂದು ಕಂಪನಿಯ ಕಾರ್-ಟಿ. ಲಾಭ ಕಾಣಲಿಲ್ಲ. ಕೋಶ ತೆಗೆದು, ತಿದ್ದಿ, ಬೆಳೆಸಿ, ವಾಪಸ್ ತರುವುದಕ್ಕೆ ವಾರಗಟ್ಟಲೆ ಬೇಕು. ಅಲ್ಲಿ ಕಾರ್-ಟಿಗೆ ಆಯ್ಕೆಯಾದವರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಜನರಿಗೆ ಅದು ಮೈಸೇರುವ ಮೊದಲೇ ರೋಗ ಏರಿತ್ತು. ಹಾಗಾಗಿ 'ಕಾರ್-ಟಿ ಬೇಗ ಕೊಡಿ' ಅಂತ ಒಟ್ಟಾರೆ ಹೇಳುವುದೇ ತಪ್ಪು. ಯಾವುದು, ಯಾರಿಗೆ, ಎಷ್ಟು ದಿನದಲ್ಲಿ ಅಂತ ಕೇಳಬೇಕು.

ಇನ್ನು ಅದಕ್ಕೂ ಮುಂಚೆ, ಮೊದಲ ಚಿಕಿತ್ಸೆಯಾಗಿಯೇ ಕೊಡೋಣ ಅನ್ನುವವರಿದ್ದಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಾದಲ್ಲಿ ಮಾಮೂಲಿ ಕೀಮೋದಿಂದಲೇ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ದೊಡ್ಡ ಬಿ ಕೋಶದ ಲಿಂಫೋಮಾದಲ್ಲಿ ಹತ್ತಕ್ಕೆ ಆರು ಮಂದಿ ಮೊದಲ ಸುತ್ತಲ್ಲೇ ಗೆಲ್ಲುತ್ತಾರೆ. ಇವರಿಗೆ ಯಾಕೆ? ಈ ಕೋಶಗಳು ಒಳ್ಳೆಯ ಬಿ ಕೋಶವನ್ನೂ ಕೊಲ್ಲುತ್ತವೆ. ಸೋಂಕು ಸುಲಭವಾಗಿ ಹತ್ತುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಿತು: ಚಿಕಿತ್ಸೆಯ ನಂತರ ಟಿ ಕೋಶದ ಕ್ಯಾನ್ಸರ್ ಬರಬಹುದು. 27,000ಕ್ಕೂ ಜಾಸ್ತಿ ಡೋಸ್‌ಗೆ 22 ಪ್ರಕರಣ. ತೀರಾ ಅಪರೂಪ, ಒಪ್ಪುತ್ತೇನೆ. ಬೇರೆ ದಾರಿ ಇಲ್ಲದವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಬೇರೆ ದಾರಿ ಇರುವವರಿಗೆ ಬರುತ್ತದೆ, ಅಲ್ವಾ?

ಕಾರ್-ಟಿ ಪಡೆದವರ ಕೈಗೆ ನರ್ಸ್ ದಿನವೂ ಒಂದು ಹಾಳೆ ಕೊಡುತ್ತಾರೆ. ಒಂದು ವಾಕ್ಯ ಬರೆಯಬೇಕು. ನೂರರಿಂದ ಹತ್ತು ಹತ್ತು ಕಳೆಯುತ್ತಾ ಎಣಿಸಬೇಕು. ಈ ಚಿಕಿತ್ಸೆ ಕೆಲವರ ಮಿದುಳಿಗೂ ತಟ್ಟುತ್ತದೆ, ಅದನ್ನು ಬೇಗ ಹಿಡಿಯಲು ಈ ಪರೀಕ್ಷೆ. ಮಿದುಳಿಗೆ ಪೆಟ್ಟು ಬೀಳತೊಡಗಿದರೆ ಅಕ್ಷರ ಮೊದಲು ಸೊಟ್ಟಗಾಗುತ್ತದೆ, ಸಾಲು ಜಾರುತ್ತದೆ, ಮಾರನೆಯ ದಿನ ಬರೀ ಗೀಚು. ಬಹಳಷ್ಟು ಜನ ಕೆಲವೇ ದಿನದಲ್ಲಿ ಮತ್ತೆ ನೆಟ್ಟಗೆ ಬರೆಯುತ್ತಾರೆ. ಆದರೂ, ಆರು ಸುತ್ತು ಮಾಮೂಲಿ ಚಿಕಿತ್ಸೆಯಲ್ಲೇ ವಾಸಿಯಾಗಬಹುದಾದವರ ಕೈಗೆ ಆ ಹಾಳೆ ಯಾಕೆ ಕೊಡಬೇಕು?