ರೆಕ್ಕೆ ಮೇಲಿನ ಬೆಳ್ಳಿ ಟೇಪು

"ತಡವಾಗಬಾರದು ಅಂತ ವಿಮಾನದ ರೆಕ್ಕೆಗೆ ಟೇಪು ಹಚ್ಚಿ ಹಾರಿಸುತ್ತಿದ್ದಾರೆ." ಈ ಫಾರ್ವರ್ಡ್ ನಿಮಗೂ ಬಂದಿರಬೇಕು, ಅಲ್ವಾ? ಫೋಟೋ ನೋಡಿದರೆ ಯಾರಿಗಾದರೂ ಭಯವಾಗುತ್ತದೆ.

ಆದರೆ ಅದು ಅಂಗಡಿಯಲ್ಲಿ ಸಿಗುವ ಮಾಮೂಲಿ ಟೇಪಲ್ಲ. ಸ್ಪೀಡ್ ಟೇಪ್ ಎಂಬ ಅಲ್ಯೂಮಿನಿಯಂ ಪಟ್ಟಿ. ಬಿಸಿಲು, ಚಳಿ, ಗಾಳಿಯ ರಭಸ ಎಲ್ಲ ತಡೆದುಕೊಳ್ಳುತ್ತದೆ. ಬೋಯಿಂಗ್ 787 ಮಾದರಿಯ ವಿಮಾನದ ರೆಕ್ಕೆಗಳಲ್ಲಿ ಬಿಸಿಲಿಗೆ ಬಣ್ಣ ಎದ್ದ ಜಾಗವನ್ನು ಮುಚ್ಚಲು ಇದನ್ನೇ ಹಚ್ಚುತ್ತಾರೆ. ಭಾರ ಹೊರುವ ಭಾಗ ಬಿರುಕು ಬಿಟ್ಟರೆ ಟೇಪು ಸಾಲದು. ಎಲ್ಲಿ ಹಚ್ಚಬಹುದು ಎಂಬುದು ದುರಸ್ತಿ ಕೈಪಿಡಿಯಲ್ಲೇ ಇರುತ್ತದೆ. ಎಂಜಿನಿಯರ್ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು.

ಹೊತ್ತಿಗೆ ಸರಿಯಾಗಿ ಹೊರಡಿಸುವ ಒತ್ತಡ ಇರುವುದು ನಿಜ. ಅದಕ್ಕೇ ಆ ಸಹಿಗೆ ಅಷ್ಟು ಬೆಲೆ.

ಮುಂದಿನ ಸಲ ಇಂಥ ಫೋಟೋ ಬಂದರೆ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಎಲ್ಲಿಯದು, ಎಷ್ಟು ಹಳೆಯದು ಎಂದು ಹಲವು ಸಲ ತಿಳಿಯುತ್ತದೆ. ಕಿಟಕಿಯಿಂದ ನೀವೇ ಟೇಪು ಕಂಡರೆ ಗಗನಸಖಿಯನ್ನು ಕೇಳಿ, ಸಂಕೋಚ ಬೇಡ.