ದಕ್ಕೆಯ ಲೆಕ್ಕ, ನೀರಿನೊಳಗಿನ ಲೆಕ್ಕ

ನಮ್ಮ ಕರಾವಳಿಯಲ್ಲಿ ಮೀನಿನ ಲೆಕ್ಕ ಹೆಚ್ಚಾಗಿ ದಕ್ಕೆಯಲ್ಲೇ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲೇ ಆಗುತ್ತದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು (ಸಿಎಂಎಫ್‌ಆರ್‌ಐ) ಕೆಲವು ಬೋಟುಗಳನ್ನು ಆರಿಸಿ, ಯಾವ ಜಾತಿ ಎಷ್ಟು ಬಂತು ಎಂದು ಬರೆದುಕೊಳ್ಳುತ್ತಾರೆ. ದಶಕಗಳಿಂದ ನಡೆದಿರುವ ಒಳ್ಳೆಯ ಕೆಲಸ. ಆದರೆ ಬಲೆಗೆ ಬೀಳದ್ದು ಎಲ್ಲಿದೆ, ಮರಿ ಎಲ್ಲಿ ಬೆಳೆಯಿತು ಅನ್ನೋದು ಅದರಲ್ಲಿ ಸಿಗುವುದಿಲ್ಲ.

ನಾನೀಗ ಇರುವ ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಕಡೆ ನೀರಿನೊಳಗೇ ಎಣಿಸುತ್ತಾರೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬಗಳಿಗೆ ಡೈವರ್‌ಗಳು ಇಳಿಯುತ್ತಾರೆ. ಅವರು ಮುಳುಗಲಾಗದ ಆಳಕ್ಕೆ ಕ್ಯಾಮೆರಾ ಬಿಡುತ್ತಾರೆ. ಮೀನುಗಳನ್ನು ಸೆಳೆಯಲು ಕ್ಯಾಮೆರಾ ಮುಂದೆ ಕೋಲಿನ ತುದಿಗೆ ಜಜ್ಜಿದ ಮೀನಿನ ಚೀಲ. ಒಳಗಿರುವುದು ನಮ್ಮ ಬೂತಾಯಿಯ (ಸಾರ್ಡೀನ್) ನೆಂಟನೇ! ಸುಮಾರು ಒಂದು ಗಂಟೆ ತಳದಲ್ಲಿಡುತ್ತಾರೆ. ಒಂದೇ ಮೀನು ಹತ್ತು ಸಲ ಸುತ್ತು ಹೊಡೆದರೆ ಹತ್ತು ಅಂತ ಬರೆಯಬಾರದಲ್ವಾ? ಅದಕ್ಕೇ ಒಂದು ಜಾತಿಯವು ಒಂದೇ ಚಿತ್ರದಲ್ಲಿ ಜಾಸ್ತಿ ಎಂದರೆ ಎಷ್ಟು ಕಂಡವೋ ಅಷ್ಟನ್ನೇ ಹಿಡಿಯುತ್ತಾರೆ.

ಇಲ್ಲಿನ ಮ್ಯಾಂಗ್ರೋವ್ ಜ್ಯಾಕ್ ಎಂಬ ಮೀನು ನಮ್ಮ ಕೆಂಬೇರಿ ಬಳಗದ್ದು. ಮರಿಯಿದ್ದಾಗ ಅಳಿವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಇರುತ್ತದೆ. ಬಲಿತ ಮೇಲೆ ದಿಬ್ಬಕ್ಕೆ ಹೋಗುತ್ತದೆ. ಕಾಂಡ್ಲಾ ಕಡಿದು ದಿಬ್ಬ ಕಾದರೆ ಏನು ಬಂತು? 2004ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಎಲ್ಲಿ ಮೀನು ಹಿಡಿಯಬಹುದು, ಎಲ್ಲಿ ಬಾರದು ಎಂದು ಹೊಸದಾಗಿ ವಲಯ ಮಾಡುವಾಗ ಇಡೀ ಪ್ರದೇಶವನ್ನು 70 ಬಗೆಯ ನೆಲೆಗಳಾಗಿ ನೋಡಿದರು. ಅದರಲ್ಲಿ ಹವಳವೇ ಇಲ್ಲದವು 40. ಪ್ರತಿಯೊಂದರಲ್ಲೂ ಕನಿಷ್ಠ ಶೇ. 20ರಷ್ಟನ್ನು ಕಾಯಬೇಕೆಂದು ಹಟ ಹಿಡಿದರು. ಮೀನು ಹಿಡಿಯಬಾರದ ಜಾಗ ಶೇ. 5ಕ್ಕಿಂತ ಕಡಿಮೆಯಿದ್ದದ್ದು ಶೇ. 33ಕ್ಕೆ ಏರಿತು. ಗಲಾಟೆಯೂ ಆಯಿತು, ಪರಿಹಾರವನ್ನೂ ಕೊಡಬೇಕಾಯಿತು.

ನಮ್ಮದು ಕ್ಯಾಲೆಂಡರ್ ನಂಬಿದ ಪದ್ಧತಿ. ಜೂನ್, ಜುಲೈ ಯಾಂತ್ರಿಕ ಬೋಟು ಬಂದ್. ಊರೂರು ತಿರುಗುವ ಬಂಗುಡೆ, ಬೂತಾಯಿಗೆ ಅದರಿಂದ ಉಪಕಾರವಿದೆ. ಆದರೆ ಕಲ್ಲಿನ ಸಂದಿ ಬಿಟ್ಟು ಕದಲದ ಮುರು ಮೀನಿಗೆ ಎರಡು ತಿಂಗಳ ರಜೆ ಯಾವ ಮೂಲೆಗೆ? ಆಗಸ್ಟ್‌ನಲ್ಲೂ ಅದು ಅಲ್ಲೇ ಇರುತ್ತದೆ. ಗಾಳ ಹಾಕುವವನಿಗೂ ಅದು ಗೊತ್ತು.

ಹಾಗಂತ ಇಲ್ಲಿನ ನಕ್ಷೆಯನ್ನು ಸುಮ್ನೆ ಅಲ್ಲಿ ಅಂಟಿಸಿ ಅನ್ನುತ್ತಿಲ್ಲ. ಇಲ್ಲಿ ವಾರದ ರಜೆಗೆ ಗಾಳ ಹಿಡಿದು ಹೊರಡುವವರು ತುಂಬಾ ಜನ. ಅಲ್ಲಿ ಅದು ಮನೆಯ ಗಂಜಿಯ ಪ್ರಶ್ನೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪವನ್ನೂ ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾವನ್ನೂ ಒಂದೇ ಲೆಕ್ಕದಲ್ಲಿಟ್ಟು ಎಣಿಸುವುದರಿಂದ ಶುರು ಮಾಡಬಹುದು. ಕ್ಯಾಮೆರಾ ಎಲ್ಲಿ ಬಿಡಬೇಕೆಂದು ನಾಡದೋಣಿಯವರನ್ನೇ ಕೇಳಲಿ, ಅದಕ್ಕೆ ಕೂಲಿಯನ್ನೂ ಕೊಡಲಿ. ಗೆರೆ ಎಳೆಯುವ ಮಾತು ಆಮೇಲೆ.